ಬೀಗರು ಹಾಕಿದ ದೀಪ

ಬಾನೆಟ್ಟಿನ ಒಳಗೆ ಬಗ್ಗಿದ ಯಾಲ್ಮಾರ್ ಐದು ನಿಮಿಷವಾದರೂ ತಲೆ ಹೊರಗೆ ತೆಗೆಯಲಿಲ್ಲ. ಮಗಳು ಟೂವಾ ಹಿಂದೆ ನಿಂತು ಹಿಮದ ಮೇಲೆ ಕಾಲು ಬದಲಿಸುತ್ತಿದ್ದಳು. ಕಾರು ಕೊಂಡು ಇನ್ನೂ ವಾರವಾಗಿರಲಿಲ್ಲ. ಅಪ್ಪನಿಗೆ ತೋರಿಸಲೆಂದೇ ತಂದಿದ್ದಳು. ಅಪ್ಪ ಬಣ್ಣ ನೋಡಲಿಲ್ಲ, ಸೀಟು ಮುಟ್ಟಲಿಲ್ಲ. ಅವನ ಕಣ್ಣು ನೆಟ್ಟಗೆ ಹೋದದ್ದು ನಂಬರ್ ಪ್ಲೇಟಿನ ಮೇಲೆ ಕೂತಿದ್ದ ಎರಡು ದುಂಡು ದೀಪಗಳಿಗೆ.

"ಇದನ್ನ ಯಾರು ಹಾಕಿದ್ದು?"

"ಮಾವ ಹಾಕಿಕೊಟ್ರು ಅಪ್ಪ. ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ವಲ್ಲ, ಆವಾಗ."

ಟೂವಾಳ ಮಾವ, ಅಂದರೆ ಗಂಡನ ಅಪ್ಪ ಸಿಕ್ಸ್ಟೆನ್, ಎಪ್ಪತ್ತು ಕಿಲೋಮೀಟರ್ ದೂರದ ಲಿಕ್ಸೆಲೆ ಪಟ್ಟಣದಲ್ಲಿದ್ದ ನಿವೃತ್ತ ಹಲ್ಲಿನ ಡಾಕ್ಟರು. ಯಾಲ್ಮಾರ್ ಬಸ್ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ವೈರಿಂಗ್ ಮಾಡಿದವನು. ಉತ್ತರದ ಆ ಸೀಮೆಯಲ್ಲಿ ಚಳಿಗಾಲದ ಹಗಲೆನ್ನುವುದು ನಾಲ್ಕೇ ಗಂಟೆಯ ಮಾತು. ತಿರುವಿಗೊಂದರಂತೆ ಹಿಮಸಾರಂಗಗಳು ರಸ್ತೆಯ ನಡುವೆ ನಿಂತಿರುತ್ತವೆ. ಕಾರಿನ ಸ್ವಂತ ದೀಪವನ್ನಷ್ಟೇ ನಂಬಿ ಆ ಕಡೆ ಯಾರೂ ಓಡಿಸುವುದಿಲ್ಲ. ಹಳ್ಳಿಯ ಅರ್ಧದಷ್ಟು ಕಾರುಗಳಿಗೆ ಹೆಚ್ಚಿನ ದೀಪ ಕೂರಿಸಿದವನು ಯಾಲ್ಮಾರನೇ. ಮಗಳು ಹೊಸ ಕಾರಿನ ಮಾತೆತ್ತಿದ ದಿನವೇ ಒಂದು ಜೊತೆ ದೀಪ ತಂದು ಗ್ಯಾರೇಜಿನ ಹಲಗೆಯ ಮೇಲೆ ಇಟ್ಟುಕೊಂಡಿದ್ದ. ಅವಳಿಗೆ ಹೇಳಿರಲಿಲ್ಲ.

ಟಾರ್ಚ್ ಹಿಡಿದು ವೈರಿನ ಜಾಡನ್ನು ಬೆರಳಿನಲ್ಲಿ ಹಿಂಬಾಲಿಸಿದ. ತಪ್ಪು ಸಿಗಬೇಕು, ಸಿಗಲೇಬೇಕು. ಬ್ಯಾಟರಿಯಿಂದ ಒಂದು ಗೇಣಿನಷ್ಟರಲ್ಲೇ, ಇರಬೇಕಾದಲ್ಲೇ ಫ್ಯೂಸ್ ಇತ್ತು. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ಉಜ್ಜದಿರಲೆಂದು ರಬ್ಬರ್ ಬಳೆ ತೊಡಿಸಿತ್ತು. ಬಿಸಿಯಾಗುವ ಜಾಗದಿಂದ ದೂರ ಸರಿಸಿ, ಸಮ ಅಂತರದಲ್ಲಿ ಕಟ್ಟು ಹಾಕಿತ್ತು. ಒಂದು ತಪ್ಪೂ ಇರಲಿಲ್ಲ. ಯಾಲ್ಮಾರ್ ತಲೆ ಎತ್ತಿದ.

"ಫ್ಯೂಸು ಬ್ಯಾಟರಿಯಿಂದ ದೂರ ಆಯ್ತು. ನಡುವೆ ವೈರ್ ಸವೆದ್ರೆ ಬೆಂಕಿ. ಹುಳುಕು ಹಲ್ಲಿಗೆ ಸಿಮೆಂಟು ತುಂಬಿದಷ್ಟು ಸುಲಭ ಅಂದ್ಕೊಂಡ್ರಾ ನಿಮ್ಮ ಮಾವ? ಇವತ್ತು ಬಿಟ್ಟು ಹೋಗು, ನಾನು ಸರಿಮಾಡ್ತೀನಿ."

ಟೂವಾ ಲಿಕ್ಸೆಲೆಯ ಆಸ್ಪತ್ರೆಯಲ್ಲಿ ನರ್ಸು. ಹಳ್ಳಿಯಿಂದ ದಿನವೂ ಬೆಳಗಿನ ಕತ್ತಲಲ್ಲೇ ಹೊರಡಬೇಕು. ಅಪ್ಪ ಅಪಾಯ ಎಂದರೆ ಅಪಾಯವೇ ಎಂದು ನಂಬಿದವಳು ಕೀ ಕೊಟ್ಟು ಅಮ್ಮನ ಬಳಿ ಹೋದಳು. ಸ್ವಲ್ಪ ಹೊತ್ತಿಗೆ ಹೆಂಡತಿ ಬ್ರೀತಾ ಕಾಫಿ ತಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಳು.

"ನಿಜವಾಗ್ಲೂ ಅಪಾಯ ಇತ್ತಾ, ಇಲ್ಲ ನಿನ್ನ ಹೊಟ್ಟೇಲಿ ಬೆಂಕಿ ಬಿತ್ತಾ?"

ಅವನು ಕಟ್ಟುಗಳನ್ನು ಒಂದೊಂದಾಗಿ ಕತ್ತರಿಸಿದ. ಮಗಳ ಮದುವೆಯಾದ ಆರು ವರ್ಷದಲ್ಲಿ ಅವಳ ಬಾಯಲ್ಲಿ ಕೇಳಿದ್ದೇ ಅದು. ಮಾವ ಹೇಳಿದ್ರು ಸ್ಕೀಗೆ ಈ ಮೇಣ ಒಳ್ಳೇದಂತೆ, ಮಾವ ಹೇಳಿದ್ರು ಸಾಲ್ಮನ್ ಮೀನಿಗೆ ಉಪ್ಪು ಹೀಗೆ ಹಚ್ಚಬೇಕಂತೆ. ನದಿಯ ಮೇಲಿನ ಮಂಜುಗಡ್ಡೆ ಕೊರೆದು ಮೀನು ಹಿಡಿಯುವುದನ್ನು ಅವಳಿಗೆ ಕಲಿಸಿದವನು ಯಾಲ್ಮಾರ್. ಕಳೆದ ಈಸ್ಟರಿನಲ್ಲಿ ಅದೇ ನದಿಯ ಮೇಲೆ ಅವಳು ಕೂತು ನಕ್ಕದ್ದು ಸಿಕ್ಸ್ಟೆನ್ ಪಕ್ಕದಲ್ಲಿ. ಬೀಗರ ಕೆಲಸದ ಅಚ್ಚುಕಟ್ಟು ಕಂಡಷ್ಟೂ ಅವನ ಕೈ ಬಿರುಸಾಯಿತು. ರಬ್ಬರ್ ಬಳೆಯನ್ನೂ ಬಿಡದೆ ಕಿತ್ತ.

ತನ್ನ ದೀಪಗಳನ್ನು ಕೂರಿಸಿ, ಹೊಸ ವೈರು ಎಳೆದು, ಹತ್ತುತ್ತದೋ ನೋಡೋಣವೆಂದು ತುದಿಯನ್ನು ಸದ್ಯಕ್ಕೆ ನೇರವಾಗಿ ಬ್ಯಾಟರಿಗೆ ಬಿಗಿದ. ಬೆಳಕು ಅಂಗಳ ದಾಟಿ ಬರ್ಚ್ ಮರಗಳ ತುದಿಯವರೆಗೆ ಹೋಯಿತು. ಟೂವಾ ಮೆಟ್ಟಿಲ ಮೇಲೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಮಾವ ಹಾಕಿದ್ದಕ್ಕಿಂತ ಬೆಳಕು ಜಾಸ್ತಿ ಇದೆ ಅಪ್ಪ."

ಆ ಒಂದು ಮಾತಿಗಾಗಿ ಅವನು ಎಷ್ಟು ಕಾದಿದ್ದನೋ. ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಮಗಳ ಜೊತೆ ಊಟಕ್ಕೆ ಒಳಗೆ ಹೋದ.

ಮರುದಿನ ಟೂವಾ ಕತ್ತಲಲ್ಲೇ ಕಾರು ತೆಗೆದುಕೊಂಡು ಕೆಲಸಕ್ಕೆ ಹೋಗಿದ್ದಳು. ಬೆಳಿಗ್ಗೆ ಎಂಟಕ್ಕೆ ಗ್ಯಾರೇಜು ಗುಡಿಸಲು ಹೋದವನಿಗೆ ಮೇಜಿನ ಮೇಲೆ ಹೊಸ ಫ್ಯೂಸ್ ಡಬ್ಬಿ ಕಂಡಿತು. ಹಾಕಬೇಕೆಂದು ಬಿಚ್ಚಿಟ್ಟದ್ದು, ಬಿಚ್ಚಿಟ್ಟಲ್ಲೇ ಇತ್ತು. ಪಕ್ಕದಲ್ಲೇ ರಬ್ಬರ್ ಬಳೆ. ಪೊರಕೆಯನ್ನು ಕೆಳಗೆ ಹಾಕಿದ. ಹರಿತವಾದ ತಗಡಿಗೆ ಉಜ್ಜುತ್ತ ಹೋಗುವ ವೈರು, ತಡೆಯಲು ನಡುವೆ ಏನೂ ಇಲ್ಲ. ಕಾರು ನಿಂತಿದ್ದರೂ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ.

ಮಗಳು ಫೋನು ಎತ್ತಲಿಲ್ಲ. ವಾರ್ಡಿಗೆ ಮಾಡಿದರೆ, ಬಂದಿದ್ದಾಳೆ, ಆಪರೇಷನ್ ನಡೆಯುತ್ತಿದೆ, ಈಗ ಸಿಗುವುದಿಲ್ಲ ಎಂದರು. ಅವಳು ಕ್ಷೇಮವಾಗಿ ತಲುಪಿದ್ದಳು, ಆದರೆ ಕಾರಿಗೆ ಯಾವಾಗ ಬೇಕಾದರೂ ಬೆಂಕಿ ಹತ್ತಬಹುದಿತ್ತು. ಆಸ್ಪತ್ರೆಯಿಂದ ಐದು ನಿಮಿಷದ ದೂರದಲ್ಲಿದ್ದವನು ಸಿಕ್ಸ್ಟೆನ್ ಒಬ್ಬನೇ. ಆ ನಂಬರಿಗೆ ಯಾಲ್ಮಾರ್ ತಾನಾಗಿ ಎಂದೂ ಫೋನು ಮಾಡಿದವನಲ್ಲ.

"ಬೀಗ್ರೇ, ನಾನು ಯಾಲ್ಮಾರ್," ಎಂದ. ಮಿಕ್ಕಿದ್ದನ್ನೂ ಹೇಳಿದ. ಸಿಕ್ಸ್ಟೆನ್ ಕೇಳಿದ್ದು ಒಂದೇ:

"ಸ್ಪ್ಯಾನರು ಯಾವ ಸೈಜು?"

"ಹತ್ತು. ಆದ್ರೆ ಕೀ ಟೂವಾ ಹತ್ರ ಇರುತ್ತೆ."

"ಇನ್ನೊಂದು ಕೀ ನಮ್ಮನೇಲೇ ಇದೆ. ಕಾರು ತಂದ ದಿನವೇ ಕೊಟ್ಟಿದ್ಲು."

ಅಂಥ ಹೊತ್ತಿನಲ್ಲೂ ಅದು ಚುಚ್ಚಿತು.

ಯಾಲ್ಮಾರ್ ಫ್ಯೂಸ್ ಡಬ್ಬಿಯನ್ನೂ ರಬ್ಬರ್ ಬಳೆಯನ್ನೂ ಜೇಬಿಗೆ ಹಾಕಿಕೊಂಡು ತನ್ನ ಹಳೇ ಕಾರಿನಲ್ಲಿ ಆಸ್ಪತ್ರೆ ತಲುಪುವಾಗ ಬೆಳಕು ಹರಿಯುತ್ತಿತ್ತು. ಸಿಕ್ಸ್ಟೆನ್ ಬ್ಯಾಟರಿಯಿಂದ ವೈರು ಬಿಚ್ಚಿ, ತುದಿಗೆ ಟೇಪು ಸುತ್ತಿ, ಕಾರಿನ ಪಕ್ಕದಲ್ಲೇ ನಿಂತು ಕಾದಿದ್ದ. ಚಳಿಗೆ ಅವನ ಮೀಸೆ ಬೆಳ್ಳಗಾಗಿತ್ತು. ತೂತಿನ ಹತ್ತಿರ ವೈರಿನ ಮೇಲೆ ಆಗಲೇ ಬಿದ್ದಿದ್ದ ಗೀರನ್ನು ಬೆರಳಿಟ್ಟು ತೋರಿಸಿದ. ಆ ತುಂಡನ್ನು ಕತ್ತರಿಸಿ ತೆಗೆದು, ಬಳೆ ತೊಡಿಸಿ, ವೈರನ್ನು ಮತ್ತೆ ಕೂಡಿಸಿದರು. ಯಾಲ್ಮಾರ್ ಬೇಕಾದ್ದನ್ನು ಎತ್ತಿಕೊಟ್ಟ, ಜೋಡಣೆಯನ್ನೆಲ್ಲ ಸಿಕ್ಸ್ಟೆನ್ನನೇ ಮಾಡಿದ. ತೆಳ್ಳನೆಯ, ಅವಸರವಿಲ್ಲದ ಬೆರಳುಗಳು. ಅವನ್ನು ನೋಡುತ್ತ ನಿಲ್ಲುವುದು ಯಾಲ್ಮಾರನಿಗೆ ಸುಲಭವಾಗಿರಲಿಲ್ಲ.

"ನೀವು ಹಾಕಿದ್ರಲ್ಲಿ ಏನೂ ತಪ್ಪಿರ್ಲಿಲ್ಲ," ಎಂದ ಕೊನೆಗೆ.

"ಗೊತ್ತು. ದೀಪದ ಜೊತೆ ಬಂದ ಪುಸ್ತಕ ಮೂರು ಸಲ ಓದಿ ಹಾಕಿದ್ದೆ."

"ಟೂವಾಗೆ ನಾನೇ ಹೇಳ್ತೀನಿ."

ಸಿಕ್ಸ್ಟೆನ್ ಫ್ಯೂಸ್ ಡಬ್ಬಿಯನ್ನು ಒಂದು ಕೈಯಲ್ಲೂ ವೈರನ್ನು ಇನ್ನೊಂದು ಕೈಯಲ್ಲೂ ಹಿಡಿದು, ಯಾಲ್ಮಾರ್ ನಟ್ಟು ಬಿಗಿಯಲೆಂದು ಕಾದ. ಆಮೇಲೆ ತಲೆ ಎತ್ತದೆಯೇ ಹೇಳಿದ:

"ನಿಮ್ಮ ದೀಪಕ್ಕೆ ಬೆಳಕು ಜಾಸ್ತಿ ಅಂತೆ. ನಿನ್ನೆ ಫೋನಲ್ಲಿ ಎರಡೆರಡು ಸಲ ಹೇಳಿದ್ಲು."

ಆ ದನಿಯಲ್ಲಿ ಒಂದು ಸಣ್ಣ ಮುಳ್ಳಿತ್ತು. ಯಾಲ್ಮಾರನಿಗೆ ಅದು ಚೆನ್ನಾಗಿ ಪರಿಚಯದ್ದು. ಸ್ಪ್ಯಾನರು ಹಿಡಿದವನು ಬೀಗರ ಮುಖವನ್ನು ಮೊದಲ ಸಲವೆಂಬಂತೆ ನೋಡಿದ.

ಎರಡನೇ ಮಹಡಿಯ ಕಿಟಕಿಯಲ್ಲಿ ಏನೋ ಅಲುಗಿತು. ನೀಲಿ ಅಂಗಿಯ ಟೂವಾ ಗಾಜಿಗೆ ಮುಖ ಹಚ್ಚಿ, ಆಶ್ಚರ್ಯದಿಂದ ನಗುತ್ತ ಕೈ ಬೀಸುತ್ತಿದ್ದಳು. ಯಾಲ್ಮಾರ್ ಸ್ಪ್ಯಾನರು ಹಿಡಿದ ಕೈಯನ್ನೇ ಎತ್ತಿದ. ಸಿಕ್ಸ್ಟೆನ್ ಕತ್ತೆತ್ತಿ ನೋಡಿದ. ಅವನ ಎರಡೂ ಕೈ ಬಾನೆಟ್ಟಿನ ಒಳಗಿದ್ದವು.

"ಕೊಡಿ ಇಲ್ಲಿ, ನಾನು ಹಿಡ್ಕೊಂಡಿರ್ತೀನಿ," ಎಂದು ಯಾಲ್ಮಾರ್ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು, ಫ್ಯೂಸ್ ಡಬ್ಬಿಯನ್ನೂ ವೈರನ್ನೂ ಅವನ ಬೆರಳುಗಳಿಂದ ಮೆಲ್ಲಗೆ ತೆಗೆದುಕೊಂಡ.

ಸಿಕ್ಸ್ಟೆನ್ ಗ್ರೀಸಿನ ಕೈಯನ್ನು ಕೋಟಿಗೆ ಒರೆಸಿಕೊಂಡು ಮೇಲಕ್ಕೆತ್ತಿದ.