ಕೂರಿಸಿ ಹಾಕಿದ ಗುರುತು

ಬೆರಳ ತುದಿಯಲ್ಲಿ ಕಣ್ಣಿರುವ ಡಾಕ್ಟರೆಂದು ಆ ಸರ್ಜನ್ನರಿಗೆ ಹೆಸರು. ಆ ಹೆಸರಿಟ್ಟುಕೊಂಡವರು ಅವರೇ ಎಂಬ ಮಾತೂ ಆಸ್ಪತ್ರೆಯಲ್ಲಿತ್ತು. ಮೂವತ್ತು ವರ್ಷ ಸ್ತನದ ಗಂಟುಗಳನ್ನು ಮುಟ್ಟಿ ಹುಡುಕಿ ತೆಗೆದಿದ್ದರು. ಕೈಗೆ ಸಿಗದಷ್ಟು ಸಣ್ಣ ಗಂಟಾದರೆ ಸ್ಕ್ಯಾನಿನ ಚಿತ್ರ ನೋಡಿ, ರೋಗಿಯನ್ನು ಮಂಚದ ಅಂಚಿಗೆ ಕೂರಿಸಿ, ನೀಲಿ ಪೆನ್ನಿನಿಂದ ಚರ್ಮದ ಮೇಲೊಂದು ಗುರುತು ಹಾಕುತ್ತಿದ್ದರು. ಅದೇನು ಗತ್ತು! ಶಿಷ್ಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಹೋದ ತಿಂಗಳು ಕೈಗೆ ಸಿಗದ ಕ್ಯಾನ್ಸರ್ ಗಂಟಿದ್ದ ಒಬ್ಬ ದರ್ಜಿ ಹೆಂಗಸಿಗೂ ಅದೇ ಗತ್ತಿನಲ್ಲಿ ಆಪರೇಷನ್ ಆಗಿತ್ತು. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದರೆ ಅದರಲ್ಲಿ ಕ್ಯಾನ್ಸರೇ ಇಲ್ಲ. ಗಂಟು ಒಳಗೇ ಹಾಯಾಗಿ ಕೂತಿತ್ತು. "ನಿಮ್ಮ ಮೈಗುಣಾನೇ ಹಾಗಮ್ಮ," ಎಂದುಬಿಟ್ಟರು ಸರ್ಜನ್ನರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಈಗ ಎರಡನೇ ಸಲ. ಈ ಸಲವೂ ತಪ್ಪಿದರೆ ಇಡೀ ಸ್ತನವನ್ನೇ ತೆಗೆಯಬೇಕು ಎಂದು ಅವರೇ ಹೇಳಿದ್ದರು. ಎಂದಿನಂತೆ ಕೂರಿಸಿ ಗುರುತು ಹಾಕಿ ಅವರು ಪೆನ್ನು ಜೇಬಿಗಿಳಿಸುವಾಗ ದರ್ಜಿ ಒಪ್ಪಿಗೆ ಕಾಗದವನ್ನು ಪಕ್ಕಕ್ಕೆ ಸರಿಸಿದಳು.

"ಆಪರೇಷನ್ ಮಾಡುವಾಗ ಸ್ಕ್ಯಾನ್ ಯಂತ್ರ ಪಕ್ಕದಲ್ಲಿರಲಿ ಸಾರ್. ಇಲ್ದಿದ್ರೆ ಸಹಿ ಹಾಕಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ?"

"ಹುಣ್ಣು ಅಂಗೈಲಿಲ್ಲ ಸಾರ್, ಒಳಗಿದೆ."

ಸರ್ಜನ್ನರಿಗೆ ಮೈ ಉರಿದುಹೋಯಿತು. ಆದರೆ ಸಹಿಯಿಲ್ಲದೆ ಚಾಕು ಹಿಡಿಯುವಂತಿಲ್ಲವಲ್ಲ! ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಸ್ಕ್ಯಾನ್ ಡಾಕ್ಟರಮ್ಮ ಯಂತ್ರ ತಳ್ಳಿಕೊಂಡು ಬಂದಳು.

ದರ್ಜಿಗೆ ಮಂಪರು ಕೊಟ್ಟು, ಅಂಗಾತ ಮಲಗಿಸಿ, ತೋಳನ್ನು ಮೇಲೆತ್ತಿ ಕಟ್ಟಿದರು. ಡಾಕ್ಟರಮ್ಮ ಗುರುತಿನ ಮೇಲೆ ಯಂತ್ರದ ಹಿಡಿಯನ್ನಿಟ್ಟಳು. ಪರದೆಯ ಮೇಲೆ ಏನೂ ಇಲ್ಲ. ಹಿಡಿಯನ್ನು ಕಂಕುಳಿನ ಕಡೆಗೆ ಮೆಲ್ಲಗೆ ಜಾರಿಸಿದಳು. ಮೂರು ಬೆರಳಿನಷ್ಟು ದೂರದಲ್ಲಿ ಬಟಾಣಿಯಷ್ಟು ಕಪ್ಪು ಚುಕ್ಕೆ ಕಂಡಿತು.

"ಗುರುತು ಹಾಕಿದಾಗ ಇವರು ಕೂತಿದ್ರಲ್ವಾ ಸಾರ್? ಮಲಗಿದ ಮೇಲೆ ಸ್ತನ ಪಕ್ಕಕ್ಕೆ ವಾಲಿದೆ. ಚರ್ಮ ಒಂದು ಕಡೆ ಹೋಗಿದೆ, ಗಂಟು ಇನ್ನೊಂದು ಕಡೆ."

ನರ್ಸು ಕೆಮ್ಮಿದಳು. ಶಿಷ್ಯರು ಚಾವಣಿ ನೋಡಿದರು. ಸರ್ಜನ್ನರಿಗೆ ತಮ್ಮ ಗುರುತಿನ ಮೇಲೇ ಕೊಯ್ದು ತೋರಿಸುವ ಹಟ ಒಂದು ಗಳಿಗೆ ಬಂದದ್ದು ನಿಜ. ಆಮೇಲೆ ತೆರೆದ ಎದೆಯ ಮೇಲಿದ್ದ ಹಳೆಯ ಹೊಲಿಗೆ ಕಣ್ಣಿಗೆ ಬಿತ್ತು. ತಾವೇ ಹಾಕಿದ ಹೊಲಿಗೆ. ನಾಚಿಕೆಯಾಯಿತು.

"ಎಲ್ಲಿ, ತೋರಿಸಮ್ಮ," ಎಂದರು.

ಡಾಕ್ಟರಮ್ಮ ತೋರಿಸುತ್ತ ಹೋದಳು, ಅವರು ಕೊಯ್ಯುತ್ತ ಹೋದರು. ತೆಗೆದ ತುಂಡನ್ನು ನೀರಿನ ಬಟ್ಟಲಲ್ಲಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಚುಕ್ಕೆ ನಟ್ಟನಡುವೆ ಇತ್ತು, ಸುತ್ತ ಒಳ್ಳೆಯ ಮಾಂಸ. ಸ್ತನ ಉಳಿಯಿತು.

ವಾರ ಕಳೆದು ಪರೀಕ್ಷೆಯ ವರದಿಯೂ ಅದನ್ನೇ ಹೇಳಿತು. ಅಷ್ಟರಲ್ಲಿ ಸರ್ಜನ್ನರ ಬೆರಳಿಗೆ ಮತ್ತೆ ಕಣ್ಣು ಬಂದಿತ್ತು. "ಸಲೀಸಾಗಿ ಕೈಗೆ ಸಿಕ್ಕಿತು ನೋಡಿ," ಎಂದು ಶಿಷ್ಯರೆದುರು ದರ್ಜಿಯ ಪಟ್ಟಿ ಬಿಚ್ಚಿದರು.

ಗುರುತು ಯಾಕೆ ತಪ್ಪಿತೆಂದು ಡಾಕ್ಟರಮ್ಮ ಆಗಲೇ ದರ್ಜಿಗೆ ಹೇಳಿದ್ದಳು. ದರ್ಜಿ ತಲೆ ಬಗ್ಗಿಸಿ ನೋಡಿದಳು. ನೀಲಿ ಗುರುತು ಇನ್ನೂ ಪೂರ್ತಿ ಮಾಸಿರಲಿಲ್ಲ. ಅದರಿಂದ ಹೊಸ ಹೊಲಿಗೆಯವರೆಗೆ ಬೆರಳಿಟ್ಟು ಅಳೆದಳು. ಒಂದು, ಎರಡು, ಮೂರು. ಆಮೇಲೆ ಬೆರಳು ಹಳೆಯ ಹೊಲಿಗೆಯ ಮೇಲೆ ಬಂದು ನಿಂತಿತು.

"ಹೋದ ಸಲವೂ ನನ್ನನ್ನ ಕೂರಿಸೇ ಗುರುತು ಹಾಕಿದ್ರಿ ಅಲ್ವಾ ಸಾರ್?"

ಸರ್ಜನ್ನರು ಪೆನ್ನಿನ ಮುಚ್ಚಳ ತಿರುವುತ್ತ ನಿಂತರು.

"ಮತ್ತೆ ನನ್ನ ಮೈಗುಣ ಅಂದ್ರಲ್ಲ?"