ಒಂಬತ್ತು ಪಟ್ಟೆ

ಬಿದಿರಿನ ಗಳುಗಳು ಗಲ್ಲಿಯ ತಿರುವಿನಲ್ಲಿ ಸಿಕ್ಕಿಕೊಂಡವು. ಮರಿಸ್ವಾಮಿ ಎರಡು ಹೆಜ್ಜೆ ಹಿಂದೆ ಬಂದು, ಹೆಗಲ ಮೇಲಿದ್ದ ಜೋಡಿ ಗಳುಗಳ ಮುಂತುದಿಯನ್ನು ಮೇಲಕ್ಕೆತ್ತಿ, ಗೋಡೆಗೆ ತಗುಲದಂತೆ ಓರೆ ಮಾಡಿದ.

"ಬರ್ಲಿ ಬರ್ಲಿ, ರೈಟ್‌ಗೆ ಒಡ್ಕೋ, ಇನ್ನೂ ಬರ್ಲಿ..." ಎಂದು ಜಗಲಿಯ ಹತ್ತಿರ ನಿಂತಿದ್ದ ಡ್ರೈವರೊಬ್ಬ ಅಭ್ಯಾಸಬಲದಿಂದ ಕೂಗಿದ. ಸಾವಿನ ಮನೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಅಗ್ರಹಾರದ ಆ ಮನೆಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಸುಂದರೇಶಯ್ಯ ಹಿಂದಿನ ದಿನ ಸಂಜೆ ತೀರಿಕೊಂಡಿದ್ದರು. ಊರಿನ ಲಾರಿ, ಬಸ್ಸು, ವ್ಯಾನುಗಳನ್ನು ಪರೀಕ್ಷೆ ಮಾಡಿ, ರಸ್ತೆಗೆ ಬಿಡಬಹುದು ಎಂದು ಎಫ್.ಸಿ. ಬರೆದುಕೊಡುವುದು ಅವರ ಕೆಲಸವಾಗಿತ್ತು. ಮಿಲಿಟರಿಯವರು ಹರಾಜು ಹಾಕಿದ ಲಾರಿಗೆ ಮರದ ಬಾಡಿ ಕಟ್ಟಿ ವ್ಯಾನು ಮಾಡಿದರೂ ಸರಿ, ಹಳೇ ಕಾರಿನ ಬೆನ್ನು ಕೊಯ್ದು ಸಾಮಾನಿನ ಗಾಡಿ ಮಾಡಿದರೂ ಸರಿ, ಅವರ ಸಹಿ ಬೀಳದೆ ಅದು ಶೆಡ್ಡಿನಿಂದ ಆಚೆ ಬರುವಂತಿರಲಿಲ್ಲ. ಅಂಥ ಬಾಡಿ ಕಟ್ಟುವವರಲ್ಲಿ ಲಷ್ಕರ್ ಮೊಹಲ್ಲದ ಮರಿಸ್ವಾಮಿ ಹಳಬ.

ಹತ್ತು ಗಂಟೆಯಾಗಿತ್ತು. ಸುಂದರೇಶಯ್ಯನವರಿಗೆ ಮಕ್ಕಳಿರಲಿಲ್ಲ. ಕೊಳ್ಳಿ ಇಡಬೇಕಾದ ಅಣ್ಣನ ಮಗ ಚಾಮರಾಜನಗರದ ರೈಲಿಗೆ ಬರಬೇಕಿತ್ತು. ಅವನು ಬಂದ ತಕ್ಷಣ ಎತ್ತುವುದು ಎಂದು ಪುರೋಹಿತರು ಹೇಳಿದ್ದರು. ಮರಿಸ್ವಾಮಿ ಅಂಗಳದಲ್ಲಿ ಕೂತು, ಚಟ್ಟ ಕಟ್ಟಲು, ಗಳುಗಳ ನಡುವೆ ಅಡ್ಡಪಟ್ಟಿ ಇಟ್ಟು ಹುರಿ ಬಿಗಿಯತೊಡಗಿದ. ಒಂದೊಂದು ಗಂಟು ಹಾಕಿದ ಮೇಲೂ ಅದರ ಮೇಲೆ ಮೊಣಕಾಲೂರಿ ಭಾರ ಬಿಡುತ್ತಿದ್ದ.

"ಏನ್ ಮರಿಸ್ವಾಮಿ, ಇದಕ್ಕೂ ಎಫ್.ಸಿ. ಬೇಕೇನೋ?" ಎಂದ ಡ್ರೈವರು, ಮೆಲ್ಲಗೆ.

"ಸಾಹೇಬರಿದ್ದಿದ್ರೆ ಕೇಳೋರಪ್ಪ," ಎಂದ ಇನ್ನೊಬ್ಬ. "ನಮ್ಮ ವ್ಯಾನಿಗೆ ಎಫ್.ಸಿ. ಮಾಡಿಸೋಕೆ ಹೋದಾಗ ಜನದ ತೂಕಕ್ಕೆ ಅಂತ ಮರಳು ಮೂಟೆ ತುಂಬ್ಕೊಂಡು ಹೋಗಿದ್ದೆ. ಮೂಟೆ ಇಳಿಸು, ಜನಾನ ಕರ್ಕೊಂಡು ಬಾ ಅಂದ್ರು. ಎಲ್ಲಿಂದ ತರೋದು? ಛತ್ರದ ಊಟದ ಸಾಲಲ್ಲಿ ನಿಂತಿದ್ದೋರನ್ನೇ ಹತ್ತಿಸ್ಕೊಂಡು ಬಂದೆ. ಮೈದಾನದಲ್ಲಿ ಗಾಡಿ ತಿರುಗಿಸ್ತಾ, 'ಎಲ್ಲಾರೂ ಎಡಗಡೆ ಬಂದು ನಿಲ್ಲಿ, ಬಗ್ಗಿ ಆಚೆ ನೋಡಿ' ಅಂತಾರೆ. ಒಬ್ಬ ಮುದುಕ, ನೋಡೋಕೇನೈತೆ ಸ್ವಾಮಿ ಇಲ್ಲಿ, ಕತ್ತೆ ಮೇಯ್ತಾವೆ ಅಂದ."

ನಾಲ್ಕು ಜನ ನಗು ತಡೆದುಕೊಂಡರು. ಸುಂದರೇಶಯ್ಯನವರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಬಂದಿದ್ದ ಹೊಸ ಇನ್‌ಸ್ಪೆಕ್ಟರು ಲಕ್ಷ್ಮೀನರಸಿಂಹ ಕಂಬಕ್ಕೆ ಒರಗಿ ನಿಂತಿದ್ದ. "ಮೇಲಿನವರು ಎಷ್ಟೋ ಸಲ ಬರೆದು ಕೇಳಿದ್ರು, ಇದು ಯಾವ ರೂಲ್ಸು ಅಂತ," ಎಂದ. "ಪ್ರಮೋಷನ್ನೂ ಇದರಿಂದಲೇ ತಪ್ಪಿತು. ತಾವೇ ಹೋಗಿ ಎಡಗಡೆಯ ಕೊನೇ ಸೀಟಲ್ಲಿ ಕೂತ್ಕೊಳ್ಳೋರು. ಯಾವಾಗಲೂ ಅಲ್ಲೇ."

ಮರಿಸ್ವಾಮಿ ತಲೆ ಎತ್ತಲಿಲ್ಲ. ಹದಿನಾಲ್ಕು ವರ್ಷದಿಂದ ಅವನು ಕಟ್ಟಿದ ಯಾವ ಬಾಡಿಯಲ್ಲೂ ಎಡಗಡೆಯ ಕೊನೇ ಕಿಟಕಿ ತೆರೆದಿರುವುದಿಲ್ಲ. ಅಲ್ಲಿ ಹಲಗೆ ಹೊಡೆದು ಮುಚ್ಚಿಬಿಡುತ್ತಾನೆ. ಕೇಳಿದವರಿಗೆ, ಮೂಲೆಗೆ ಬಿಗಿ ಬರಲಿ ಅಂತ, ಎನ್ನುತ್ತಾನೆ. ಸುಂದರೇಶಯ್ಯನವರು ಆ ಹಲಗೆಯ ಪಕ್ಕದ ಕತ್ತಲಲ್ಲಿ ಕೂತು ಪರೀಕ್ಷೆ ಮುಗಿಸಿ ಇಳಿಯುತ್ತಿದ್ದರು. ಹಲಗೆ ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

*

ಆ ಹಲಗೆಗೆ ಕಾರಣವಾದದ್ದು ಹದಿನಾಲ್ಕು ವರ್ಷದ ಹಿಂದೆ, ನಲವತ್ತೊಂಬತ್ತನೇ ಇಸವಿಯಲ್ಲಿ ಬಂದ ಒಂದು ಮಿಲಿಟರಿ ಲಾರಿ. ದೊರೆಸ್ವಾಮಿ ಎಂಬ ಸಾಹುಕಾರ ಹರಾಜಿನಲ್ಲಿ ಹಿಡಿದು, ಬೆಟ್ಟಕ್ಕೆ ಭಕ್ತರನ್ನು ಒಯ್ಯುವ ವ್ಯಾನು ಮಾಡಿಸಲು ಮರಿಸ್ವಾಮಿಯ ಶೆಡ್ಡಿಗೆ ತಂದಿದ್ದ. ಮರಿಸ್ವಾಮಿ ಎರಡು ತಿಂಗಳು ಕೂತು ಬಾಡಿ ಕಟ್ಟಿದ. ಪರೀಕ್ಷೆಯ ದಿನ ಸೀಟಿಗೊಂದರಂತೆ ಇಪ್ಪತ್ತನಾಲ್ಕು ಮರಳು ಮೂಟೆ ಇಟ್ಟು, ಸುಂದರೇಶಯ್ಯ ಗಾಡಿಯನ್ನು ಬೆಟ್ಟ ಹತ್ತಿಸಿ ಇಳಿಸಿದರು. ಆಮೇಲೆ ಪಂಚೆ ಮಂಡಿಯವರೆಗೆ ಎತ್ತಿ ಕಟ್ಟಿ, ಗಾಡಿಯ ಅಡಿಗೆ ನುಸುಳಿ, ಹಿಂದಿನ ಚಕ್ರಗಳ ಮೇಲಿನ ಸ್ಪ್ರಿಂಗ್ ಕಮಾನಿನ ಉಕ್ಕಿನ ಪಟ್ಟೆಗಳನ್ನು ಬೆರಳಿನಲ್ಲಿ ಮುಟ್ಟಿ ಎಣಿಸಿದರು. ಒಂದೊಂದು ಕಡೆ, ಒಂದರ ಕೆಳಗೊಂದು ಒಂಬತ್ತು. ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ.

"ಗಟ್ಟಿ ಕೆಲಸ ಕಣಯ್ಯ," ಎಂದು ಅಲ್ಲೇ ಮಡ್‌ಗಾರ್ಡಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಹದಿನೈದು ದಿನಕ್ಕೆ ದೊರೆಸ್ವಾಮಿ ಶೆಡ್ಡಿಗೆ ಬಂದ. "ಏನಯ್ಯ ನಿನ್ನ ಗಾಡಿ? ಬೆಟ್ಟ ಹತ್ತಿ ಇಳಿಯೋ ಹೊತ್ಗೆ ಜನ ತಿಂದಿದ್ದ ಪುಳಿಯೋಗರೆಯೆಲ್ಲ ಆಚೆಗೆ. ಇದೇನು ಫಿರಂಗಿ ಹೊರೋ ಲಾರೀನಾ ಇನ್ನೂ? ಹಿಂದೆ ಎರಡೆರಡು ಪಟ್ಟೆ ತೆಗೆದುಬುಡು, ಮೆತ್ತಗಾಗತ್ತೆ. ಎಲ್ಲಾರೂ ತೆಗೀತಾರೆ."

"ಎಫ್.ಸಿ. ಆಗೋಗೈತಲ್ಲ ಸಾಹುಕಾರ್ರೇ."

"ಅದಕ್ಕೇ ಈಗ ಹೇಳ್ತಿರೋದು."

ಎಲ್ಲರೂ ತೆಗೆಯುತ್ತಿದ್ದದ್ದು ನಿಜ. ಮಿಲಿಟರಿ ಲಾರಿಯ ಕಮಾನು ಜನಕ್ಕೆ ತೀರ ಬಿರುಸು. ಅರ್ಧ ದಿನದ ಕೆಲಸ. ಮರಿಸ್ವಾಮಿ ಎರಡು ಕಡೆಯಿಂದಲೂ ಎರಡೆರಡು ಪಟ್ಟೆ ತೆಗೆದು ಶೆಡ್ಡಿನ ಮೂಲೆಗೆ ಹಾಕಿದ.

ಆ ವರ್ಷದ ದಸರಾದಲ್ಲಿ ಒಂದು ಮುಸ್ಸಂಜೆ ವ್ಯಾನು ಬೆಟ್ಟದಿಂದ ಇಳಿಯುತ್ತಿತ್ತು. ತಿರುವಿಗೆ ಬರುವ ಹೊತ್ತಿಗೆ ಕೆಳಗೆ ಅರಮನೆಯ ದೀಪ ಒಟ್ಟಿಗೆ ಹತ್ತಿಕೊಂಡಿತು. "ಅಗೋ ಅಗೋ" ಎಂದು ಗಾಡಿಯಲ್ಲಿದ್ದವರೆಲ್ಲ ಎದ್ದು ಎಡಗಡೆಯ ಕಿಟಕಿಗಳಿಗೆ ಮುಗಿಬಿದ್ದರು. ಏಳೇ ಪಟ್ಟೆಯ ಮೇಲೆ ನಿಂತಿದ್ದ ವ್ಯಾನು ಆ ಕಡೆಗೆ ವಾಲಿತು, ವಾಲಿದ್ದು ಮೇಲೇಳಲಿಲ್ಲ. ಮೂವರು ಸತ್ತರು. ಇಬ್ಬರು ಮುದುಕರು. ಇನ್ನೊಬ್ಬಳು ಎಡಗಡೆಯ ಕೊನೇ ಕಿಟಕಿಯಲ್ಲಿ ಕೂತಿದ್ದ ಹಿನಕಲ್‌ನ ಹುಡುಗಿ ಪುಟ್ಟತಾಯಿ. ಒಂಬತ್ತು ವರ್ಷ.

*

"ಮರಿಯಣ್ಣ."

ಮರಿಸ್ವಾಮಿ ಹುರಿ ಬಿಟ್ಟು ತಿರುಗಿದ. ಪುಟ್ಟತಾಯಿಯ ತಾಯಿ ಬಸಮ್ಮ. ಹಿನಕಲ್‌ನಿಂದ ನಡೆದೇ ಬಂದಿದ್ದಳು, ಕಾಲೆಲ್ಲ ದೂಳು. ಮರಿಸ್ವಾಮಿಯದೂ ಅದೇ ಊರು. ಅವಳನ್ನು ಎದುರಿಗೆ ಕಂಡರೆ ಅವನು ಬೇರೆ ದಾರಿ ಹಿಡಿಯುತ್ತಿದ್ದ. ಇಲ್ಲಿ ಬೇರೆ ದಾರಿ ಇರಲಿಲ್ಲ.

"ನೀ ಎಂಗೆ ಬಂದೆ ಬಸಮ್ಮ? ಯಾರು ಯೋಳುದ್ರು?"

"ಹಾಲಿನೋರು. ಬರ್ದೆ ಇರಕ್ಕಾದದಾ?" ಅವಳು ಅಂಗಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. "ದಸರಾ ಆದ ಮಾರ್ನೇ ದಿನ ಪ್ರತಿ ವರ್ಸ ನಮ್ಮನೆಗೆ ಬರೋರು ಕಣಣ್ಣ. ಸೈಕಲ್ ಮ್ಯಾಲೆ. ಮೊದಮೊದಲು ನಾನು ಬಾಗ್ಲೇ ತೆಗೀತಿರ್ಲಿಲ್ಲ. ಆಮೇಲೆ ತೆಗೆದು ಬಾಯಿಗೆ ಬಂದಂಗೆ ಬೈದಿವ್ನಿ. ನಿನ್ ವಂಸ ನಿಲ್ದೆ ಓಗ್ಲಿ ಅಂದಿವ್ನಿ. ಬೈಸ್ಕೊಂಡು, ಜಗ್ಲಿ ಮ್ಯಾಲೆ ಒಂದ್ ಚಣ ಕೂತು, ಎದ್ದೋಗೋರು."

ಮರಿಸ್ವಾಮಿ ಬಿಟ್ಟಿದ್ದ ಹುರಿಯನ್ನು ಮತ್ತೆ ಎತ್ತಿಕೊಂಡ.

"ಓದ್ ವರ್ಸ ಕೇಳ್ದೆ, ಯಾಕ್ ಬತ್ತೀರಿ ಬುದ್ಧಿ, ನಂಗೂ ಬೈದು ಬೈದು ಸಾಕಾಯ್ತು ಅಂತ. 'ಸೈನ್ ಹಾಕಿದ್ದು ನಾನು ಕಣಮ್ಮ' ಅಂದ್ರು. 'ಮರಳು ಮೂಟೆ ಎದ್ದು ದೀಪ ನೋಡಲ್ಲ ಅನ್ನೋದು ನನಗೆ ಹೊಳೀಲಿಲ್ಲ' ಅಂದ್ರು. ಊರ್ನೋರು ನಿನ್ ಮ್ಯಾಲೂ ಅಂತಿದ್ರಲ್ಲ, ನೀ ಕಟ್ಟಿದ್ ಗಾಡಿ ಅಂತ? ಅವ್ರೇ ಯೋಳುದ್ರು, ಮರಿಸ್ವಾಮಿ ಕೆಲ್ಸದಲ್ಲಿ ಒಂದ್ ಚೂರೂ ತಪ್ಪಿಲ್ಲ, ನಾನೇ ಎಣಿಸಿ ನೋಡಿವ್ನಿ ಅಂತ."

"ಅಂಗಂದ್ರಾ?"

"ಊಂ. ದೊಡ್ಡ ಮನುಸ."

ಮರಿಸ್ವಾಮಿ ಕೊನೆಯ ಗಂಟನ್ನು ಬಿಚ್ಚಿ ಮತ್ತೆ ಹಾಕಿದ.

*

ಉರುಳಿದ ವ್ಯಾನನ್ನು ಲಾರಿಗೆ ಕಟ್ಟಿ ಎಳೆದುಕೊಂಡು ಬಂದು ಇಳಿಸಿದ್ದು ಮರಿಸ್ವಾಮಿಯ ಶೆಡ್ಡಿನಲ್ಲೇ. ಅಷ್ಟು ಅಗಲದ ಬಾಗಿಲು ಹತ್ತಿರದಲ್ಲಿ ಬೇರೆ ಇರಲಿಲ್ಲ. ಇನ್‌ಸ್ಪೆಕ್ಟರು ಊರಲ್ಲಿಲ್ಲ, ನಾಳೆ ಬಂದು ನೋಡುತ್ತಾರೆ, ಯಾರೂ ಮುಟ್ಟಕೂಡದು ಎಂದು ಠಾಣೆಯವರು ಹೇಳಿ ಒಬ್ಬ ಪೊಲೀಸಿನವನನ್ನು ಬಾಗಿಲಲ್ಲಿ ಕೂರಿಸಿ ಹೋದರು. ಪೊಲೀಸಿನವನು ಆಚೆ ಮುಖ ಮಾಡಿ ಕೂತಿದ್ದ. ಒಳಗೆ ಬಡಿಗ ತನ್ನ ಶೆಡ್ಡಿನಲ್ಲಿ ಸದ್ದು ಮಾಡಿದರೆ ಅದೇನು ಹೊಸದಲ್ಲ. ಮಧ್ಯಾಹ್ನದೊಳಗೆ ನಾಲ್ಕು ಪಟ್ಟೆಗಳೂ ಮೂಲೆಯಿಂದ ಬಂದು ತಮ್ಮ ತಮ್ಮ ಜಾಗಕ್ಕೆ ಸೇರಿದ್ದವು. ಮರಿಸ್ವಾಮಿ ಅವುಗಳ ಮೇಲೆ ಬೆಟ್ಟದ ಕೆಂಪು ಮಣ್ಣನ್ನೇ ಗ್ರೀಸಿನಲ್ಲಿ ಕಲಸಿ ಸವರಿದ. ಆಗ ಅವನಿಗೆ ಮನೆಯಲ್ಲಿ ಮೂರು ಮಕ್ಕಳು. ಅವನು ಯೋಚಿಸಿದ್ದು ಅಷ್ಟೇ.

ಮಾರನೆಯ ದಿನ ಸುಂದರೇಶಯ್ಯ ಬಂದು ಗಾಡಿಯ ಅಡಿಗೆ ನುಸುಳಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗಿಂದ ಅವರ ದನಿ ಮಾತ್ರ ಕೇಳುತ್ತಿತ್ತು. ಒಂದು, ಎರಡು, ಮೂರು. ಒಂಬತ್ತಕ್ಕೆ ನಿಂತಿತು. ಮತ್ತೆ ಒಂದರಿಂದ.

ಹೊರಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಮರಿಸ್ವಾಮಿಯ ಹೆಗಲ ಮೇಲೆ ಕೈಯಿಟ್ಟರು. "ಹೆದರಬೇಡ ಕಣಯ್ಯ. ಎಲ್ಲಾ ಸರಿಯಾಗಿದೆ. ಹಾಗಾದರೆ ತಪ್ಪು ನಂದೇ."

*

"ಮರಿಸ್ವಾಮಿ, ಅಮ್ಮಾವ್ರು ಒಳಗೆ ಕರೀತಾರೆ," ಎಂದು ಯಾರೋ ಬಂದು ಹೇಳಿದರು.

ನಡುಮನೆಯಲ್ಲಿ ದರ್ಭೆಯ ಮೇಲೆ ಸುಂದರೇಶಯ್ಯ ಮಲಗಿದ್ದರು. ಸ್ನಾನವಾಗಿತ್ತು, ಹಣೆಗೆ ವಿಭೂತಿ ಇಟ್ಟಿತ್ತು. ತಲೆಯ ಹತ್ತಿರ ಅವರ ಹೆಂಡತಿ ನಾಗಮಣಿ ಕೂತಿದ್ದರು, ಪಕ್ಕದಲ್ಲಿ ಪುರೋಹಿತರು. ಮರಿಸ್ವಾಮಿ ಹೊಸ್ತಿಲಾಚೆಯೇ ನಿಂತ. ಅವನ ಹಿಂದೆ ಲಕ್ಷ್ಮೀನರಸಿಂಹ, ಆಮೇಲೆ ಬಸಮ್ಮ.

"ಒಂದು ಮಾತು ಕೇಳಬೇಕಿತ್ತು ಕಣೋ," ಎಂದರು ನಾಗಮಣಿ. "ನಿದ್ದೇಲಿ ಇವರು ಎಣಿಸೋರು. ಎಷ್ಟೋ ವರ್ಷದಿಂದ. ಕೊನೇ ಮೂರು ದಿನವಂತೂ ಅದೇ. ಬೆರಳು ಮಡಿಸಿ ಮಡಿಸಿ ಒಂಬತ್ತರವರೆಗೆ ಎಣಿಸೋದು, 'ಒಂಬತ್ತೂ ಇದೆಯಲ್ಲೇ ನಾಗೂ, ಮತ್ತೆ ಹೇಗೆ?' ಅನ್ನೋದು. ನನ್ನ ಮುಖ ನೋಡೋರು, ನನಗೆ ಗೊತ್ತಿದೆ ಅನ್ನೋ ಹಾಗೆ. ನಿನ್ನೆ ಉಸಿರು ನಿಲ್ಲೋ ಮುಂಚೆಯೂ ಅದನ್ನೇ ಕೇಳಿದರು."

"ನವಗ್ರಹ ಅಮ್ಮ, ಅನುಮಾನವೇ ಇಲ್ಲ," ಎಂದರು ಪುರೋಹಿತರು. "ಹದಿಮೂರು ದಿನ ಕಳೆದ ಮೇಲೆ ಶಾಂತಿ ಮಾಡಿಸಿದರೆ ಸರಿಹೋಗತ್ತೆ."

"ಇವರು ಗ್ರಹ ಎಣಿಸೋ ಮನುಷ್ಯರಲ್ಲ. ಗಾಡಿ ವಿಷಯ ಇರಬೇಕು. ಏನದು ಒಂಬತ್ತು, ಮರಿಸ್ವಾಮಿ? ನಿನಗೆ ಗೊತ್ತಿರತ್ತೆ."

ಗ್ರಹವೇ ಇರಬೇಕು ಅಮ್ಮಾವ್ರೇ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಪುರೋಹಿತರು ದಾರಿ ಮಾಡಿಕೊಟ್ಟಿದ್ದರು. ಮೂರು ಮಕ್ಕಳು ಈಗ ದೊಡ್ಡವರಾಗಿ ಅದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಬಾಗಿಲ ಮೇಲೆ ಅವನ ಹೆಸರಿನ ಬೋರ್ಡಿತ್ತು. ಮುಂದಿನ ವಾರ ಎರಡು ಗಾಡಿ ಪರೀಕ್ಷೆಗೆ ಹೋಗಬೇಕಿತ್ತು, ಸಹಿ ಹಾಕಬೇಕಾದವನು ಬೆನ್ನ ಹಿಂದೆಯೇ ನಿಂತಿದ್ದ.

"ಕಮಾನ್ ಪಟ್ಟೆ, ಅಮ್ಮಾವ್ರೇ," ಎಂದ ಮರಿಸ್ವಾಮಿ. "ಆ ವ್ಯಾನ್ದು."

"ಒಂಬತ್ತಿತ್ತಾ?"

"ಸೈನ್ ಹಾಕೋವಾಗ ಇತ್ತು. ಬಿದ್ದಾಗ ಇರ್ಲಿಲ್ಲ. ನಾನೇ ತೆಗೆದಿದ್ದೆ, ಮೆತ್ತಗಾಗ್ಲಿ ಅಂತ. ಗಾಡಿ ಶೆಡ್ಡಿಗೆ ಬಂದ್ಮೇಲೆ, ಅವರು ನೋಡೋಕೆ ಬರೋ ಮೊದಲು, ಮತ್ತೆ ಹಾಕ್ಬುಟ್ಟೆ."

ಹೊರಗೆ ಅಂಗಳದಲ್ಲಿ ಯಾರೋ ಕೆಮ್ಮಿದರು.

"ಮರಿಸ್ವಾಮಿ," ಎಂದ ಲಕ್ಷ್ಮೀನರಸಿಂಹ, "ಯಾರ ಮುಂದೆ ಏನು ಹೇಳ್ತಿದೀಯ ಗೊತ್ತಿದೆಯೇನಯ್ಯ? ನಾನು ಇಲ್ಲೇ ಇದ್ದೀನಿ."

"ಗೊತ್ತು ಸ್ವಾಮಿ."

ಬಸಮ್ಮ ಗೋಡೆ ಹಿಡಿದು ನಿಧಾನವಾಗಿ ಕೂತಳು. ಸೆರಗನ್ನು ಬಾಯಿಗೆ ತುಂಬಿಕೊಂಡಳು. ಬೈಯಲಿಲ್ಲ. ಬೈಗುಳಗಳೆಲ್ಲ ಬೇರೆಯವರ ಮೇಲೆ ಖರ್ಚಾಗಿಹೋಗಿದ್ದವು.

ನಾಗಮಣಿ ಗಂಡನ ಮುಖ ನೋಡುತ್ತಲೇ ಇದ್ದರು. "ಹದಿನಾಲ್ಕು ವರ್ಷ ಇತ್ತಲ್ಲೋ," ಎಂದರು. "ದಿನಾ ನಿನ್ನ ಶೆಡ್ ಮುಂದೇನೇ ಸೈಕಲ್ ತುಳ್ಕೊಂಡು ಹೋಗೋರಲ್ಲೋ."

"ಎಷ್ಟೋ ಸಲ ಆಚೆ ಬಂದು ನಿಂತ್ಕೊಂಡಿದ್ದೆ ಅಮ್ಮಾವ್ರೇ. ಚೆನ್ನಾಗಿದ್ದೀಯೇನಯ್ಯ ಅನ್ನೋರು. ಊಂ ಅಂತಿದ್ದೆ. ತಪ್ಪಾಯ್ತು, ನಿಮ್ ಕಾಲಿಗೆ..."

"ನನಗ್ಯಾಕೆ ಹೇಳ್ತೀಯ? ಎಣಿಸಿದ್ದು ನಾನಲ್ಲ. ಬಾ ಇಲ್ಲಿ. ಅವರಿಗೆ ಹೇಳು. ಕಿವೀಲಿ ಹೇಳು."

"ಅಮ್ಮ!" ಪುರೋಹಿತರು ಎದ್ದೇ ನಿಂತರು. "ಸ್ನಾನ ಆಗಿದೆ, ಮಂತ್ರ ಆಗಿದೆ. ಅವನು ಒಳಗೆ ಬರೋ ಹಾಗಿಲ್ಲ. ಹೋದ ಜೀವಕ್ಕೆ ಇನ್ನು ಲೌಕಿಕದ ಮಾತು ಕೇಳಿಸಬಾರದು."

"ಮುಟ್ಟೋದು ಬೇಡ. ಹೇಳಲಿ."

ಗಲ್ಲಿಯ ಬಾಯಲ್ಲಿ ಜಟಕಾ ನಿಂತ ಸದ್ದಾಯಿತು. "ಬಂದ್ರು, ಸಾಹೇಬರ ಅಣ್ಣನ ಮಗ ಬಂದ್ರು, ಏಳಿ," ಎಂದು ಡ್ರೈವರು ಒಳಗೆ ಬಗ್ಗಿ ಕೂಗಿದ. "ಎತ್ತೋಣ್ವಾ ಅಮ್ಮ? ಹೊತ್ತಾಯ್ತು."

"ಕಾಯಲಿ," ಎಂದರು ನಾಗಮಣಿ.

ಮರಿಸ್ವಾಮಿ ಹೊಸ್ತಿಲು ದಾಟಿದ. ಆ ಮನೆಯ ಒಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಪುರೋಹಿತರು ಪಂಚೆ ಒಟ್ಟುಗೂಡಿಸಿಕೊಂಡು ಗೋಡೆಗೆ ಸರಿದರು. ಅವನು ಮಂಡಿಯೂರಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು, ತಗುಲದಂತೆ ಬಗ್ಗಿ, ಸುಂದರೇಶಯ್ಯನವರ ಬಲಗಿವಿಯ ಹತ್ತಿರಕ್ಕೆ ಬಾಯಿ ತಂದ.

"ಸ್ವಾಮಿ..." ಎಂದ.

"ತಾಳು," ಎಂದರು ನಾಗಮಣಿ. ಬಗ್ಗಿ, ಗಂಡನ ಕಿವಿಯೊಳಗೆ ಇಟ್ಟಿದ್ದ ಹತ್ತಿಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದು ತೆಗೆದರು.