ಲೆಕ್ಕಕ್ಕೆ ಸಿಗದ ಕೂಸುಗಳು

ನನ್ನ ಮೈದುನನ ಹೆಂಡತಿ ಅರ್ಚನಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚಿಡುವುದೇನಿಲ್ಲ, ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಗೆಲ್ಲ ಗೊತ್ತು. ಅವಳು ಮೂರು ಹೆತ್ತಳು, ನಾನು ವರ್ಷಗಟ್ಟಲೆ ಆಸ್ಪತ್ರೆ ಅಲೆದೆ. ಇರುವುದು ಒಂದೇ ಮನೆ. ಅವಳ ಮಕ್ಕಳ ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸುವವಳು ನಾನು. ಸಂಜೆ ಬಂದ ಕೂಡಲೇ ಅವು "ಅವ್ವಾ" ಎಂದು ಅವಳ ಸೆರಗಿಗೆ ಜೋತುಬೀಳುತ್ತವೆ. ಅವಳೋ, ನಾನು ನೋಡಲಿ ಎಂದೇ ನನ್ನೆದುರು ಕೂತು ಮುದ್ದು ಮಾಡುತ್ತಾಳೆ. ಹಾಗೆಂದು ನಾನು ತಿಳಿದುಕೊಂಡಿದ್ದೆ.

ನಾನು ಪ್ರೈಮರಿ ಶಾಲೆಯ ಟೀಚರ್. ಜನಗಣತಿಯ ಡ್ಯೂಟಿ ಬಿದ್ದದ್ದು ಅರ್ಚನಾಳ ತವರಿಗೇ, ಕೋಗಳಿಯ ಆಚೆಗಿನ ಒಂದು ಸಣ್ಣ ಊರಿಗೆ. ಮೊದಲ ಸುತ್ತಿನಲ್ಲಿ ಮನೆಗಳ ಲೆಕ್ಕ. ಅವಳ ತಾಯಿ ಭರಮಮ್ಮ ಪಕ್ಕದ ಮನೆಯಿಂದ ಕುರ್ಚಿ ತರಿಸಿ, ಟವಲು ಹಾಸಿ ನನ್ನನ್ನು ಕೂರಿಸಿದಳು. ಮಂಡಕ್ಕಿ, ಮಿರ್ಚಿ, ಸಾಸರಿನ ಮೇಲೆ ಚಹಾ. ಮೇಡಂ ಮೇಡಂ ಎಂದು ಓಣಿಯೇ ಹಿಂದೆ ಬಂತು. ಮನೆಗೆ ಬಂದು ಇದನ್ನೆಲ್ಲ ಅರ್ಚನಾಳಿಗೆ ಉಪ್ಪುಖಾರ ಹಚ್ಚಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

ಎರಡನೆಯ ಸುತ್ತಿನಲ್ಲಿ ತಲೆ ಎಣಿಕೆ. ಈ ಸಲವೂ ಕುರ್ಚಿ ಬಂತು, ಆದರೆ ಎಲ್ಲ ಮನೆಯಲ್ಲೂ ಅಂಗಳದಲ್ಲೇ. ಒಳಗೆ ಬನ್ನಿ ಎನ್ನುವವರೇ ಇಲ್ಲ. ಹಗ್ಗದ ಮೇಲೆ ಕೂಸಿನ ಬಟ್ಟೆಗಳು ಒಣಗುತ್ತಿದ್ದವು.

"ಸಣ್ಣ ಕೂಸು ಐತೇನು?" ಎಂದರೆ, "ಇಲ್ರಿ ಮೇಡಂ, ಅವು ನಮ್ಮ ತಂಗಿ ಕೂಸಿನ್ವು. ನಿನ್ನಿ ಊರಿಗೆ ಹೋದ್ಲು."

ಮುಂದಿನ ಮನೆಯಲ್ಲೂ ತಂಗಿ, ಅದರಾಚೆಯ ಮನೆಯಲ್ಲಿ ನಾದಿನಿ. ಅನುಮಾನ ಬರಬೇಕಿತ್ತು. ಬರಲಿಲ್ಲ. ತೊಟ್ಟಿಲೇ ಇಲ್ಲದ ಊರು ಎಂದು ಒಂಥರಾ ಸಮಾಧಾನವೇ ಆಯಿತು. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ತುಂಬಿಸಿ ಬಸ್ಸು ಹತ್ತಿದೆ.

ಆಮೇಲೆ ಗಣತಿಯ ಲೆಕ್ಕ ಹೊರಬಿತ್ತು. ನಮ್ಮ ಜನರನ್ನು ಕಡಿಮೆ ಎಣಿಸಿದ್ದಾರೆ, ಇದರಿಂದ ಲೋಕಸಭೆಯಲ್ಲಿ ನಮಗೆ ಬರಬೇಕಾದ ಸೀಟು ಬೇರೆಯವರ ಪಾಲಾಗುತ್ತದೆ ಎಂದು ರಾಜ್ಯ ಸರ್ಕಾರ ಕೋರ್ಟಿಗೆ ಹೋಯಿತು. ಎಣಿಕೆ ತಪ್ಪಿದ ಊರುಗಳ ಸಾಕ್ಷಿ ಬೇಕಾಯಿತು. ಅರ್ಚನಾಳ ತವರಿನ ಅಂಗನವಾಡಿಗೆ ಬರುವ ಕೂಸುಗಳೇ ನನ್ನ ಲೆಕ್ಕದಲ್ಲಿ ಇರಲಿಲ್ಲ. ಗಂಗಾಧರ್ ಎಂಬ ಅಧಿಕಾರಿ ನನ್ನನ್ನು ಜೀಪಿನಲ್ಲಿ ಅಲ್ಲಿಗೆ ಕರೆದೊಯ್ದರು.

"ಮನಿಯಾಗ ಕುಂತು ತುಂಬೀರೇನು ಮೇಡಂ? ಹಂಗಾಗಿದ್ರ ಸಸ್ಪೆಂಡ್ ಆಗ್ತೀರಿ. ನನ್ನ ಕೈಯಾಗೂ ಏನೂ ಇರಂಗಿಲ್ಲ ನೋಡ್ರಿ," ಎಂದರು ದಾರಿಯಲ್ಲಿ.

ಅಂಗನವಾಡಿಯ ಮುಂದೆ ತಾಯಂದಿರು ನಿಂತಿದ್ದರು. ಎಲ್ಲರ ಕಂಕುಳಲ್ಲೂ ಕೂಸು, ಎಲ್ಲ ಕೂಸಿನ ಕೆನ್ನೆಗೂ ಕಾಡಿಗೆಯ ಬೊಟ್ಟು. ನಾನು ಜೀಪಿನಿಂದ ಇಳಿದದ್ದೇ ತಡ, ಒಬ್ಬೊಬ್ಬರೂ ಕೂಸಿನ ಮುಖವನ್ನು ಹೆಗಲಿಗೆ ಒತ್ತಿಕೊಂಡರು. ಯಾರೂ ಹೇಳುವ ಮೊದಲೇ ನನಗೆ ತಿಳಿಯಿತು.

ಭರಮಮ್ಮ ಮುಂದೆ ಬಂದಳು. "ಮೇಡಂದು ತಪ್ಪಿಲ್ರಿ ಸಾಹೇಬ್ರ. ಮನಿಮನಿಗೂ ಬಂದಿದ್ರು. ನಾವ ಕೂಸು ಒಳಗ ಮುಚ್ಚಿಟ್ವಿ. ಮಕ್ಕಳಿಲ್ಲದಾಕಿ, ಆಕಿ ಕಣ್ಣು ಛಲೋ ಇಲ್ಲ, ಕೂಸು ತೋರಿಸಬ್ಯಾಡ್ರಿ, ಎಷ್ಟು ಅದಾವ ಅಂತನೂ ಹೇಳಬ್ಯಾಡ್ರಿ ಅಂತ ನನ್ನ ಮಗಳು ಅರ್ಚನಾ ಫೋನ್ ಮಾಡಿದ್ಲು."

ಗಂಗಾಧರ್ ಮುಖ ಅರಳಿತು. ಅಲ್ಲೇ ಕೂತು ಹೇಳಿಕೆ ಬರೆದರು. ಗಣತಿಗೆ ಬಂದ ಶಿಕ್ಷಕಿಯ ಕೆಟ್ಟ ದೃಷ್ಟಿ ತಾಗುತ್ತದೆಂಬ ಭಯದಿಂದ ತಾಯಂದಿರು ಮಕ್ಕಳನ್ನು ಬಚ್ಚಿಟ್ಟರು ಎಂದಿತ್ತು.

"ಇದಕ್ಕ ಸಹಿ ಮಾಡಿ ನಾಳಿ ಮುಂಜಾನಿ ತಂದುಕೊಡ್ರಿ. ನಿಮ್ಮ ನೌಕರಿ ಉಳೀತೈತಿ, ಕೋರ್ಟಿಗೂ ಸಾಕ್ಷಿ ಸಿಗತೈತಿ."

ನೌಕರಿ ಉಳಿಯಬೇಕಾದರೆ ನನ್ನದು ಕೆಟ್ಟ ಕಣ್ಣು ಎಂದು ನಾನೇ ಒಪ್ಪಿ ಬರೆದುಕೊಡಬೇಕು. ವಕೀಲರು ಅದನ್ನು ಜಡ್ಜ್ ಮುಂದೆ ಓದುತ್ತಾರೆ. ರಾಜ್ಯದ ಸೀಟು ತಿಂದ ಕಣ್ಣು ಎಂದು ಹೆಸರಾಗುವುದಕ್ಕಿಂತ ಸಸ್ಪೆಂಡ್ ಆಗುವುದೇ ವಾಸಿ ಅನ್ನಿಸಿತು.

ಮನೆಗೆ ಬಂದವಳೇ ಕಾಗದವನ್ನು ಅರ್ಚನಾಳ ಮುಂದೆ ಎಸೆದೆ.

"ನಿನ್ನ ಮಕ್ಕಳನ್ನ ದಿನಾ ನಾನ ನೋಡಿಕೊಳ್ತೀನಿ. ಅವಕ್ಕ ತಾಗದ ಕಣ್ಣು ನಿಮ್ಮೂರಿನ ಕೂಸುಗಳಿಗೆ ತಾಗತೈತೇನು?"

ಅವಳು ಓದಿದಳು. ಮಡಚಿ ನನ್ನ ಕಡೆಗೇ ಸರಿಸಿದಳು.

"ತಾಗಂಗಿಲ್ಲ ಅಂತ ನನಗೂ ಗೊತ್ತೈತಿ ಅಕ್ಕ," ಎಂದಳು. "ನಾನು ತವರಿಗೆ ಹೋದ್ರ ಚಾಪಿ. ಹೋದ ಕೂಡ್ಲೇ ಪಾತ್ರಿ ತಿಕ್ಕು ಅಂತಾಳ ನಮ್ಮವ್ವ. ನಿನಗ ಕುರ್ಚಿ, ಅದರ ಮ್ಯಾಲ ಟವಲು. ದಿನಾ ಮುಂಜಾನಿ ನೀನು ಬ್ಯಾಗ್ ಹಾಕ್ಕೊಂಡು ಬಸ್ಸಿಗೆ ಹೋಗೂದು ನೋಡಿದ್ರ ನನಗ ಒಳಗ ಉರೀತೈತಿ. ನಮ್ಮೂರಾಗಾದ್ರೂ ನಿನ್ನ ಯಾರೂ ಒಳಗ ಕರೀಬಾರದು ಅನ್ನಿಸ್ತು."

ಕಪಾಳಕ್ಕೆ ಬಾರಿಸಬೇಕಿತ್ತು. ಕೈ ಏಳಲಿಲ್ಲ. ನನ್ನನ್ನು ಕಂಡು ಒಬ್ಬರಿಗೆ ಉರಿಯುತ್ತದೆ, ಅದೂ ಇವಳಿಗೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತರೂ ನನಗಿದು ಹೊಳೆದಿರಲಿಲ್ಲ. ಒಳಗೊಳಗೇ ಖುಷಿಯಾಯಿತು.

"ಏಳು," ಎಂದೆ. "ಉಪ್ಪು, ಒಣಮೆಣಸಿನಕಾಯಿ ತಗೊಂಡು ಬಾ. ನನಗ ದೃಷ್ಟಿ ತಗಿ."

ತಮಾಷೆ ಎಂದುಕೊಂಡು ಅವಳು ನನ್ನ ಮುಖ ನೋಡಿದಳು. ನಾನು ಮಣೆ ಹಾಕಿಕೊಂಡು ಕೂತೆ. ಅವಳು ಎರಡನ್ನೂ ತಂದು, ಮುಷ್ಟಿಯಲ್ಲಿ ಹಿಡಿದು ನನ್ನ ತಲೆಯಿಂದ ಕಾಲಿನವರೆಗೆ ನಿವಾಳಿಸಿ, ಬಚ್ಚಲೊಲೆಯ ಕೆಂಡಕ್ಕೆ ಹಾಕಿದಳು. ಕೆಮ್ಮು ಬರುತ್ತದೆಂದು ಮಕ್ಕಳು ಮೊದಲೇ ಮೂಗು ಮುಚ್ಚಿಕೊಂಡು ನಿಂತಿದ್ದವು. ಉಪ್ಪು ಚಟಪಟ ಸಿಡಿಯಿತು, ಮೆಣಸಿನಕಾಯಿ ಸೀದು ಕರಕಲಾಯಿತು. ಘಾಟು ಮಾತ್ರ ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಹಳ ಆಗಿತ್ತು ಎಂದು ನಮ್ಮ ಕಡೆ ನಂಬಿಕೆ. ಅರ್ಚನಾಳ ಮುಖ ಸಣ್ಣಗಾಯಿತು.

ನಾನು ಪೆನ್ನು ತೆಗೆದು ಹೇಳಿಕೆಗೆ ಸಹಿ ಹಾಕಿದೆ. ಕೆಳಗೆ 'ಸಹಶಿಕ್ಷಕಿ' ಎಂದು ದಪ್ಪಗೆ ಬರೆದೆ, ಅವಳಿಗೆ ಕಾಣುವ ಹಾಗೆ.